ವಾರಕ್ಕೊಮ್ಮೆ ಮನೆಯಲ್ಲೇ ಚಿತ್ರ ಬಿಡಿಸುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ವಾರಕ್ಕೊಮ್ಮೆ ಮನೆಯಲ್ಲಿ ಕೂತು ಚಿತ್ರ ಬಿಡಿಸುತ್ತೇನೆ ಅಂದರೆ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಚಿತ್ರಕಲೆ ನನ್ನ ಉದ್ಯೋಗವಲ್ಲ, ಹವ್ಯಾಸ. ಬೇರೆ ಕೆಲಸ, ಮನೆ, ಮಕ್ಕಳ ನಡುವೆ ಸಿಕ್ಕ ಒಂದಷ್ಟು ಹೊತ್ತಿನಲ್ಲಿ ಬಿಡಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಉತ್ತರಗಳನ್ನು ಬರೆದಿದ್ದೇನೆ.

ವಾರಕ್ಕೆ ಒಂದೇ ದಿನ ಕೂತರೆ ಕೈ ಪಳಗುತ್ತದಾ?

ಪಳಗುತ್ತದೆ. ದಿನಾ ಬಿಡಿಸುವವರಷ್ಟು ಬೇಗ ಅಲ್ಲ, ಆದರೆ ಖಂಡಿತ ಪಳಗುತ್ತದೆ. ನಡುವಿನ ದಿನಗಳು ಸುಮ್ನೆ ದಂಡ ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಬಿಡುವೇ ನಮಗಿರುವ ದೊಡ್ಡ ಅನುಕೂಲ.

ಬಿಡಿಸುತ್ತಿರುವ ಹೊತ್ತಿನಲ್ಲಿ ಚಿತ್ರದ ತಪ್ಪು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕಣ್ಣು ಅದಕ್ಕೆ ಒಗ್ಗಿಹೋಗಿರುತ್ತದೆ. ಒಂದು ವಾರ ಬಿಟ್ಟು ನೋಡಿ: ಹೂಜಿಯ ಎಡಗಡೆ ಊದಿಕೊಂಡಿರುವುದು, ಮೇಜಿನ ಅಂಚು ಓರೆಯಾಗಿರುವುದು ಮೊದಲ ನೋಟಕ್ಕೇ ಗೊತ್ತಾಗುತ್ತದೆ. ಅದಕ್ಕೇ ನಾನು ಹೊಸ ಹಾಳೆ ತೆಗೆಯುವ ಮೊದಲು ಹಿಂದಿನ ವಾರದ್ದನ್ನು ಗೋಡೆಗೆ ಒರಗಿಸಿಟ್ಟು, ದೂರ ನಿಂತು ಸ್ವಲ್ಪ ಹೊತ್ತು ನೋಡುತ್ತೇನೆ. ಸರಿಯಿಲ್ಲ ಅನ್ನಿಸಿದ ಕಡೆ ಪೆನ್ಸಿಲಿನಿಂದ ಸಣ್ಣ ಗುರುತು, ಅಂಚಿನಲ್ಲಿ ಎರಡು ಪದ. ಅವತ್ತಿನ ಪಾಠ ಅಲ್ಲೇ ಸಿಕ್ಕಿಬಿಡುತ್ತದೆ.

ಮಧ್ಯದ ದಿನಗಳಲ್ಲಿ ಐದು ನಿಮಿಷ ಸಿಕ್ಕರೆ ಅಂಗೈ ಅಗಲದ ಪುಸ್ತಕದಲ್ಲಿ ಏನಾದರೂ ಗೀಚಿ. ಸಿಗದಿದ್ದರೆ ಬೇಡ. ಆದರೆ ನೋಡುವುದಕ್ಕೆ ಪ್ರತ್ಯೇಕ ಸಮಯ ಬೇಕಿಲ್ಲವಲ್ಲ. ಎದುರಿಗೆ ಕೂತವರ ಮೂಗಿನ ನೆರಳು ಯಾವ ಕಡೆ ಬಿದ್ದಿದೆ, ಬಿಳಿ ಗೋಡೆ ಸಂಜೆ ಹೊತ್ತಿಗೆ ಯಾವ ಬಣ್ಣಕ್ಕೆ ತಿರುಗುತ್ತದೆ ಎಂದು ಗಮನಿಸಿದ್ದು ಕೂತಾಗ ಕೈಗೆ ಬಂದೇ ಬರುತ್ತದೆ.

ಎಷ್ಟು ಹೊತ್ತು ಕೂರಬೇಕು?

ಎರಡು ಗಂಟೆ ಸಿಕ್ಕರೆ ಚೆನ್ನಾಗಿ ಸಾಕು. ಮೊದಲ ಹದಿನೈದು ನಿಮಿಷ ಕೈ ಸಡಿಲವಾಗಲಿ ಅಂತಲೇ ಬಿಟ್ಟುಬಿಡಿ. ಅರ್ಧ ನಿಮಿಷಕ್ಕೊಂದು, ಒಂದು ನಿಮಿಷಕ್ಕೊಂದು ಚಿತ್ರ. ಇಲ್ಲವೇ ಕಣ್ಣನ್ನು ವಸ್ತುವಿನ ಮೇಲೇ ಇಟ್ಟು, ಹಾಳೆಯನ್ನು ನೋಡದೆ, ಅದರ ಅಂಚಿನುದ್ದಕ್ಕೂ ಪೆನ್ಸಿಲನ್ನು ನಿಧಾನವಾಗಿ ಓಡಿಸಿ. ಬರುವ ಚಿತ್ರ ಸೊಟ್ಟಪಟ್ಟ ಇರುತ್ತದೆ, ಇರಲಿ. ಕಣ್ಣು ಹೋದಷ್ಟೇ ವೇಗದಲ್ಲಿ ಕೈ ಹೋಗುವುದನ್ನು ಕಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

ದಿನ ಮತ್ತು ಹೊತ್ತು ಮಾತ್ರ ಗೊತ್ತು ಮಾಡಿಕೊಳ್ಳಿ. "ಬಿಡುವಾದಾಗ ಬಿಡಿಸುತ್ತೇನೆ" ಅಂದವರಿಗೆ ಬಿಡುವು ಆಗುವುದೇ ಇಲ್ಲ. ಏನು ಬಿಡಿಸುವುದು ಅಂತ ಹಿಂದಿನ ರಾತ್ರಿಯೇ ತೀರ್ಮಾನಿಸಿ ವಸ್ತುವನ್ನು ಮೇಜಿನ ಮೇಲೆ ಇಟ್ಟು ಮಲಗಿ. ವಿಷಯ ಹುಡುಕುವುದರಲ್ಲೇ ಒಂದು ಗಂಟೆ ಹೋಗುವುದು ತಪ್ಪುತ್ತದೆ.

ನನಗೆ ನೆಟ್ಟಗೆ ಒಂದು ಗೆರೆ ಎಳೆಯೋಕೂ ಬರುವುದಿಲ್ಲ. ಆದರೂ ಕಲಿಯಬಹುದಾ?

ನೆಟ್ಟಗಿನ ಗೆರೆಗೆ ಸ್ಕೇಲ್ ಇದೆ. ಚಿತ್ರಕ್ಕೆ ಬೇಕಾದದ್ದು ಎಲ್ಲಿಂದ ಎಲ್ಲಿಗೆ, ಎಷ್ಟು ಓರೆ ಅಂತ ಗುರುತಿಸುವ ಕಣ್ಣು. ಅದು ಅಭ್ಯಾಸದಿಂದ ಬರುತ್ತದೆ. ವಿನ್ಸೆಂಟ್ ವ್ಯಾನ್ ಗೋ ಕಲಾವಿದನಾಗಬೇಕು ಅಂತ ನಿರ್ಧಾರ ಮಾಡಿದ್ದು 1880ರಲ್ಲಿ, ತನ್ನ 27ನೇ ವಯಸ್ಸಿನಲ್ಲಿ. ಅಚ್ಚಾದ ಮಾದರಿ ಚಿತ್ರಗಳನ್ನು ಮುಂದಿಟ್ಟುಕೊಂಡು ಮತ್ತೆ ಮತ್ತೆ ನಕಲು ಮಾಡಿ ಕಲಿತವನು ಅವನು.

ಮೊದಲು ಏನೇನು ಕೊಳ್ಳಬೇಕು?

ಎಚ್‌ಬಿ, 2ಬಿ, 6ಬಿ ಪೆನ್ಸಿಲ್ ಒಂದೊಂದು. ಹಿಟ್ಟಿನ ಹಾಗೆ ನಾದಿ ಚೂಪು ಮಾಡಿಕೊಳ್ಳಬಹುದಾದ ಮೆತ್ತನೆಯ ರಬ್ಬರ್ ಒಂದು. ಒಂದು ಸ್ಕೆಚ್ ಪುಸ್ತಕ. ಮೊದಲ ಕೆಲವು ತಿಂಗಳು ಇಷ್ಟೇ ಸಾಕು. ಹನ್ನೆರಡು ಪೆನ್ಸಿಲಿನ ಡಬ್ಬಿ ನೋಡೋಕೆ ಚೆಂದ, ಆದರೆ ಅದರಲ್ಲಿ ಅರ್ಧದಷ್ಟನ್ನು ಯಾರೂ ಮುಟ್ಟುವುದಿಲ್ಲ.

ಎಚ್ ಮತ್ತು ಬಿ ಅಂದರೇನು ಅಂತ ಗೊತ್ತಿದ್ದರೆ ಆರಿಸುವುದು ಸುಲಭ. ಪೆನ್ಸಿಲಿನ ಒಳಗಿರುವುದು ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. ಎರಡನ್ನೂ ಕಲಸಿ ಸುಡುವ ವಿಧಾನವನ್ನು ಫ್ರಾನ್ಸಿನ ನಿಕೋಲಾ ಜಾಕ್ ಕಾಂಟೆ 1795ರಲ್ಲಿ ರೂಪಿಸಿದ. ಮಣ್ಣು ಜಾಸ್ತಿಯಾದಷ್ಟೂ ಕಡ್ಡಿ ಗಟ್ಟಿ, ಗೆರೆ ತಿಳಿ, ಅದು ಎಚ್. ಗ್ರಾಫೈಟ್ ಜಾಸ್ತಿಯಾದಷ್ಟೂ ಮೆದು, ಕಪ್ಪು, ಅದು ಬಿ. 6ಬಿಯನ್ನು ಎಷ್ಟೇ ಒತ್ತಿದರೂ ಗ್ರಾಫೈಟ್ ಹೊಳೆಯುತ್ತದೆಯೇ ಹೊರತು ಕಗ್ಗಪ್ಪು ಬರುವುದಿಲ್ಲ. ಅಂಥ ಕಪ್ಪು ಬೇಕಾದರೆ ಇದ್ದಿಲ ಕಡ್ಡಿ ಹಿಡಿಯಿರಿ.

ಕಾಗದದಲ್ಲಿ ದುಡ್ಡು ಉಳಿಸಬಹುದಾ?

ಪೆನ್ಸಿಲಿಗಾದರೆ ಉಳಿಸಬಹುದು, ಜಲವರ್ಣಕ್ಕೆ ಬೇಡ. ಸ್ಕೆಚ್‌ಗೆ 100 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂಗಳಲ್ಲಿ) ಆಸುಪಾಸಿನ ಸಾಧಾರಣ ಹಾಳೆ ಸಾಕು. ಹಾಳೆ ಅಗ್ಗವಾಗಿದ್ದರೆ ಕೈಗೆ ಅಂಜಿಕೆಯೂ ಇರುವುದಿಲ್ಲ. ಜಲವರ್ಣಕ್ಕೆ ಮಾತ್ರ 300 ಜಿಎಸ್‌ಎಂಗೆ ಕಡಿಮೆ ಬೇಡ. ತೆಳು ಹಾಳೆ ನೀರು ತಾಗಿದ ಕೂಡಲೇ ಉಬ್ಬಿ ಅಲೆ ಅಲೆಯಾಗುತ್ತದೆ, ಬಣ್ಣ ತಗ್ಗಿನಲ್ಲಿ ನಿಂತುಬಿಡುತ್ತದೆ. 300ರ ಹಾಳೆಯನ್ನೂ ನಾಲ್ಕೂ ಅಂಚಿಗೆ ಟೇಪ್ ಹಾಕಿ ಹಲಗೆಗೆ ಬಿಗಿದುಕೊಂಡರೆ ಒಳ್ಳೆಯದು.

ಹತ್ತಿಯ ಕಾಗದ ದುಬಾರಿ, ಆದರೆ ನೀರನ್ನು ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಮರದ ತಿರುಳಿನ ಕಾಗದದಲ್ಲಿ ಬಣ್ಣ ಬೇಗ ಒಣಗಿ ಅಂಚು ಕಟ್ಟುತ್ತದೆ. ಹೊಸಬರು ಇದನ್ನು ತಮ್ಮ ಕೈಯ ದೋಷ ಅಂದುಕೊಂಡು ಬೇಸರಪಡುತ್ತಾರೆ. ಬ್ರಷ್ ಅಗ್ಗದ್ದು, ಕಾಗದ ಒಳ್ಳೆಯದು: ದುಡ್ಡು ಒಂದಕ್ಕೇ ಇದ್ದರೆ ನಾನು ಹೇಳುವುದು ಇದನ್ನೇ. ದೊಡ್ಡ ಹಾಳೆ ತಂದು ನಾಲ್ಕು ತುಂಡು ಮಾಡಿಕೊಂಡರೆ ಖರ್ಚೂ ಕಡಿಮೆ, ಎರಡು ಗಂಟೆಯಲ್ಲಿ ಮುಗಿಯುವ ಅಳತೆಯೂ ಹೌದು.

ಮನೆಯೊಳಗೆ ಬಿಡಿಸೋಕೆ ಏನಿದೆ? ಎಲ್ಲ ಬೋರು ಅನ್ನಿಸುತ್ತದೆ.

ಇಟಲಿಯ ಜಾರ್ಜೊ ಮೊರಾಂಡಿ (1890–1964) ಜೀವಮಾನವೆಲ್ಲ ಹೆಚ್ಚಾಗಿ ಬಿಡಿಸಿದ್ದು ಬಾಟಲಿ, ಹೂಜಿ, ಡಬ್ಬಿಗಳನ್ನು. ಅದೂ ತನ್ನ ಮನೆಯಲ್ಲಿ, ಮಲಗುವ ಕೋಣೆಯೂ ಆಗಿದ್ದ ಜಾಗದಲ್ಲಿ. ಅವೇ ವಸ್ತುಗಳನ್ನು ಸ್ವಲ್ಪ ಸರಿಸಿ, ಒಂದರ ಹಿಂದೊಂದು ಇಟ್ಟು ಮತ್ತೆ ಬಿಡಿಸುತ್ತಿದ್ದ. ಒಂದರ ಪಕ್ಕ ಇನ್ನೊಂದು ಇಟ್ಟರೆ ಆ ಎರಡು ಚಿತ್ರ ಬೇರೆ ಬೇರೆಯೇ.

ನೀವೂ ಮಾಡಿ ನೋಡಿ. ಒಂದೇ ವಸ್ತುವನ್ನು ನಾಲ್ಕು ವಾರ ಬಿಡಿಸಿ. ಒಂದು ವಾರ ಗೆರೆಯಲ್ಲಿ ಮಾತ್ರ. ಮುಂದಿನ ವಾರ ಗೆರೆಯೇ ಇಲ್ಲದೆ ನೆರಳಲ್ಲಿ ಮಾತ್ರ. ಮೂರನೇ ವಾರ ವಸ್ತುವನ್ನು ಬಿಟ್ಟು ಅದರ ಸುತ್ತಲಿನ ಖಾಲಿ ಜಾಗವನ್ನು ಬಿಡಿಸಿ. ಕುರ್ಚಿಯ ಕಾಲುಗಳ ನಡುವಿನ ಖಾಲಿ ಸರಿಯಾಗಿ ಬಂದರೆ ಕಾಲುಗಳು ತಾವಾಗಿ ಸರಿ ಬರುತ್ತವೆ. ನಾಲ್ಕನೇ ವಾರ ಬಣ್ಣ. ಹೀಗೆ ಮಾಡಿದರೆ ಬೋರು ಅನ್ನುವ ಮಾತು ಬರುವುದಿಲ್ಲ, ಯಾಕಂದರೆ ಪ್ರತಿ ಸಲವೂ ಹಿಂದೆ ಕಾಣದ್ದೊಂದು ಕಾಣುತ್ತದೆ.

ಮಡಚಿ ಎಸೆದ ಬಟ್ಟೆ, ಬಿಚ್ಚಿಟ್ಟ ಚಪ್ಪಲಿ, ಬಾಗಿಲ ಸಂದಿಯ ಬೆಳಕು, ನಿಮ್ಮದೇ ಎಡಗೈ. ಮನೆಯವರು ನಿದ್ದೆ ಮಾಡುತ್ತಿದ್ದರೆ ಇನ್ನೂ ಒಳ್ಳೆಯದು, ಅಲ್ಲಾಡದ ಮಾದರಿ ಸಿಕ್ಕ ಹಾಗೆ. ಎಚ್ಚರವಾಗಿರುವವರನ್ನು, ಓಡಾಡುವವರನ್ನು ಹಿಡಿಯಬೇಕಾದರೆ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಹುಡುಕಿ ನೋಡಿ. ನೃತ್ಯ ಮಾಡುವವರ ಇಡೀ ಮೈಯ ಚಲನೆಯನ್ನು ಕೆಲವೇ ಗೆರೆಗಳಲ್ಲಿ ತಂದಿದ್ದಾರೆ. ಯಾವ ಗೆರೆ ಎಳೆದಿದ್ದಾರೆ ಅನ್ನುವುದಕ್ಕಿಂತ ಯಾವುದನ್ನು ಬಿಟ್ಟಿದ್ದಾರೆ ಅಂತ ನೋಡಿ.

ಲೋಟ, ಬಟ್ಟಲು ಬಿಡಿಸಿದರೆ ಬಾಯಿ ಯಾವಾಗಲೂ ಸೊಟ್ಟ ಬರುತ್ತದೆ. ಏನು ಮಾಡಲಿ?

ಇದನ್ನು ಕೇಳದವರೇ ಇಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದು ಲೋಟ ತಗೊಳ್ಳಿ. ಅದರ ಬಾಯಿಯನ್ನು ಸರಿಯಾಗಿ ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ದುಂಡಗಿನ ಬಾಯಿ ಒಂದು ಅಡ್ಡಗೆರೆಯಾಗಿ ಮಾತ್ರ ಕಾಣುತ್ತದೆ. ಈಗ ಲೋಟವನ್ನು ನೆಟ್ಟಗೇ ಹಿಡಿದು ನಿಧಾನವಾಗಿ ಕೆಳಗಿಳಿಸಿ. ಗೆರೆ ತೆರೆದುಕೊಳ್ಳುತ್ತದೆ, ಕೆಳಗೆ ಹೋದಷ್ಟೂ ಜಾಸ್ತಿ ಅಗಲವಾಗುತ್ತದೆ.

ಇದರಲ್ಲೇ ಉತ್ತರ ಇದೆ. ಮೇಜಿನ ಮೇಲಿಟ್ಟ ಲೋಟದ ತಳ ಅದರ ಬಾಯಿಗಿಂತ ಕೆಳಗಿದೆ. ಹಾಗಾಗಿ ತಳದ ಬಾಗು ಬಾಯಿಯ ಬಾಗಿಗಿಂತ ಜಾಸ್ತಿ ಇರಬೇಕು. ನಾವು ಮಾಡುವುದು ಇದಕ್ಕೆ ತದ್ವಿರುದ್ಧ: ಲೋಟದೊಳಗೆ ಏನಿದೆ ಅಂತ ನೋಡುವ ಆಸೆಗೆ ಬಾಯಿಯನ್ನು ದೊಡ್ಡದಾಗಿ ತೆರೆದಿಡುತ್ತೇವೆ, ಮೇಜು ಸಮತಟ್ಟು ಅಂತ ಗೊತ್ತಿರುವುದರಿಂದ ತಳವನ್ನು ನೇರ ಗೆರೆಯಲ್ಲಿ ಮುಗಿಸುತ್ತೇವೆ. ಕಣ್ಣಿಗೆ ಕಂಡದ್ದನ್ನು ಬಿಟ್ಟು ತಲೆಗೆ ಗೊತ್ತಿರುವುದನ್ನು ಬಿಡಿಸಿದರೆ ಹೀಗಾಗುತ್ತದೆ.

ಇನ್ನೆರಡು ವಿಷಯ. ಬಾಯಿಯ ಎಡ ಬಲ ತುದಿಗಳು ಚೂಪಾಗಿರಬಾರದು, ಅಲ್ಲೂ ಗೆರೆ ದುಂಡಗೇ ತಿರುಗಬೇಕು. ಮತ್ತೆ, ತಳದ ಹಿಂಭಾಗ ಕಾಣದಿದ್ದರೂ ಪೂರ್ತಿ ಸುತ್ತನ್ನು ತಿಳಿಯಾಗಿ ಎಳೆದು, ಆಮೇಲೆ ಬೇಡದ್ದನ್ನು ಅಳಿಸಿ. ಮಣಿಕಟ್ಟಿನಿಂದ ಎಳೆಯಬೇಡಿ. ಭುಜದಿಂದ ಇಡೀ ತೋಳನ್ನು ಆಡಿಸುತ್ತಾ, ಪೆನ್ಸಿಲ್ ಹಾಳೆಗೆ ತಾಗುವ ಮೊದಲೇ ಗಾಳಿಯಲ್ಲಿ ಎರಡು ಸುತ್ತು ಹಾಕಿ, ಅದೇ ಓಟದಲ್ಲಿ ಹಾಳೆಗೆ ಇಳಿಸಿ.

ಅಳತೆ ಹಿಡಿಯುವುದು ಹೇಗೆ?

ತೋಳನ್ನು ಪೂರ್ತಿ ಚಾಚಿ ಪೆನ್ಸಿಲ್ ಹಿಡಿಯಿರಿ, ಒಂದು ಕಣ್ಣು ಮುಚ್ಚಿ. ಪೆನ್ಸಿಲಿನ ತುದಿಯನ್ನು ವಸ್ತುವಿನ ಮೇಲ್ತುದಿಗೆ ಹೊಂದಿಸಿ, ಕೆಳತುದಿ ಬರುವ ಕಡೆ ಹೆಬ್ಬೆರಳಿನ ಉಗುರಿಡಿ. ಅದೇ ಅಳತೆಯನ್ನು ಅಡ್ಡ ತಿರುಗಿಸಿದರೆ ಎತ್ತರಕ್ಕೆ ಅಗಲ ಎಷ್ಟು ಪಾಲು ಅಂತ ತಿಳಿಯುತ್ತದೆ. ಮೊಣಕೈ ಮಡಚಬೇಡಿ, ಮಡಚಿದರೆ ಪ್ರತಿ ಸಲ ಅಳತೆ ಬದಲಾಗುತ್ತದೆ. ಓರೆ ಗೆರೆಗಳಿಗೂ ಪೆನ್ಸಿಲನ್ನೇ ಅದರ ಮೇಲೆ ಹೊಂದಿಸಿ, ಆ ಓರೆ ಕೆಡದ ಹಾಗೆ ಹಾಳೆಗೆ ತನ್ನಿ.

ರಟ್ಟಿನಲ್ಲಿ ಕಿಟಕಿಯಂತೆ ಚೌಕ ಕತ್ತರಿಸಿ ದಾರದಿಂದ ಸಣ್ಣ ಚೌಕದ ಮನೆಗಳನ್ನು ಮಾಡಿಕೊಂಡು ಅದರ ಮೂಲಕ ನೋಡುವುದೂ ಒಳ್ಳೆಯ ಉಪಾಯ. ಜರ್ಮನಿಯ ಕಲಾವಿದ ಡ್ಯೂರರ್ 1525ರಲ್ಲೇ ಇಂಥ ಸಾಧನಗಳನ್ನು ಚಿತ್ರ ಸಮೇತ ಪ್ರಕಟಿಸಿದ್ದ. ವ್ಯಾನ್ ಗೋ 1882ರಲ್ಲಿ ಒಂದು ಚೌಕಟ್ಟನ್ನು ಮಾಡಿಸಿಕೊಂಡು ಹೊರಗೆ ಹೊತ್ತೊಯ್ಯುತ್ತಿದ್ದ. ಇದನ್ನು ಬಳಸಿದರೆ ಮೋಸ ಅಂತ ಯಾರಾದರೂ ಅಂದರೆ ಕಿವಿಗೊಡಬೇಡಿ.

ಫೋಟೊ ನೋಡಿ ಬಿಡಿಸಬಹುದಾ?

ಬಿಡಿಸಬಹುದು, ಆದರೆ ಅದನ್ನೇ ಅಭ್ಯಾಸ ಮಾಡಿಕೊಳ್ಳಬೇಡಿ. ಫೋಟೊದಲ್ಲಿ ನೆರಳು ಬರೀ ಕಪ್ಪಾಗಿ ಮುಚ್ಚಿಹೋಗಿರುತ್ತದೆ, ನಿಜದಲ್ಲಿ ಆ ನೆರಳಿನೊಳಗೂ ಬಣ್ಣ ಇರುತ್ತದೆ. ಹತ್ತಿರದಿಂದ ತೆಗೆದ ಮುಖದಲ್ಲಿ ಮೂಗು ಇದ್ದದ್ದಕ್ಕಿಂತ ದೊಡ್ಡದು. ನೀವೇ ತೆಗೆದ ಫೋಟೊ ಆದರೆ ಉತ್ತಮ. ಬೇರೆಯವರದ್ದಾದರೆ ಅನುಮತಿ ಇಲ್ಲದೆ ಆ ಚಿತ್ರವನ್ನು ಮಾರಬೇಡಿ.

ಜಲವರ್ಣ, ಅಕ್ರಿಲಿಕ್, ಎಣ್ಣೆ ಬಣ್ಣ: ಯಾವುದರಿಂದ ಶುರು ಮಾಡಲಿ?

ಜಾಗ ಮತ್ತು ಹೊತ್ತು ನೋಡಿ ತೀರ್ಮಾನ ಮಾಡಿ. ಜಲವರ್ಣಕ್ಕೆ ಮೇಜಿನ ಒಂದು ಮೂಲೆ ಸಾಕು. ಒಣಗಿದ ಬಣ್ಣಕ್ಕೆ ಮುಂದಿನ ವಾರ ನೀರು ಮುಟ್ಟಿಸಿದರೆ ಮತ್ತೆ ಎದ್ದು ಕೂರುತ್ತದೆ, ಏಕೆಂದರೆ ಅದರ ಅಂಟು ನೀರಲ್ಲಿ ಕರಗುವ ಅರೇಬಿಕ್ ಗೋಂದು. ಆದರೆ ಅದು ಸುಲಭದ ಮಾಧ್ಯಮವಲ್ಲ. ಬಿಳಿ ಬೇಕಾದ ಕಡೆ ಹಾಳೆಯನ್ನೇ ಖಾಲಿ ಬಿಡಬೇಕು, ಮೊದಲೇ ಯೋಚಿಸಿರಬೇಕು.

ಅಕ್ರಿಲಿಕ್ ನಿಮಿಷಗಳಲ್ಲಿ ಒಣಗುತ್ತದೆ, ತಪ್ಪಿದರೆ ಮೇಲೆ ಬಳಿಯಬಹುದು. ಒಣಗಿದ ಮೇಲೆ ಮಾತ್ರ ಅದು ಪ್ಲಾಸ್ಟಿಕ್. ತೊಳೆಯದ ಬ್ರಷ್ ಕಡ್ಡಿಯಾಗುತ್ತದೆ. ಇನ್ನೊಂದು ಗಮನಿಸಿ: ಜಲವರ್ಣ ಒಣಗಿದಾಗ ತಿಳಿಯಾಗುತ್ತದೆ, ಅಕ್ರಿಲಿಕ್ ಒಣಗಿದಾಗ ಗಾಢವಾಗುತ್ತದೆ.

ಎಣ್ಣೆ ಬಣ್ಣ ಅಂದರೆ ಹವ್ಯಾಸಿಗಳು ಹೆದರುತ್ತಾರೆ. ನಿಜ ಹೇಳಬೇಕೆಂದರೆ ವಾರಕ್ಕೊಮ್ಮೆ ಕೂರುವವರ ಲಯಕ್ಕೆ ಅದೇ ಹೆಚ್ಚು ಹೊಂದುತ್ತದೆ. ಅದರಲ್ಲಿರುವ ಅಗಸೆ ಎಣ್ಣೆ ನೀರಿನ ಹಾಗೆ ಆವಿಯಾಗುವುದಿಲ್ಲ, ಗಾಳಿಯಲ್ಲಿರುವ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತದೆ. ತೆಳು ಪದರ ಸಾಮಾನ್ಯವಾಗಿ ಮುಂದಿನ ವಾರದ ಹೊತ್ತಿಗೆ ಮುಟ್ಟುವ ಹಾಗೆ ಆಗಿರುತ್ತದೆ. ಈ ವಾರ ಒಂದು ಪದರ, ಬರುವ ವಾರ ಇನ್ನೊಂದು. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಜಾಸ್ತಿ ಇರಲಿ. ತಲೆಕೆಳಗಾದರೆ ಮುಂದೆ ಬಿರುಕು ಬಿಡುತ್ತದೆ.

ಎಷ್ಟು ಬಣ್ಣ ಬೇಕು?

ಐದಾರು. ತಂಪಾದ, ಅಂದರೆ ನಿಂಬೆಯಂಥ ಹಳದಿ, ಗುಲಾಬಿ ಛಾಯೆಯ ಕೆಂಪು, ಅಲ್ಟ್ರಾಮರೀನ್ ನೀಲಿ, ಹಸಿರು ಕಡೆ ವಾಲುವ ಥ್ಯಾಲೊ ನೀಲಿ, ಕೆಂಪು ಮಿಶ್ರಿತ ಕಂದಾದ ಬರ್ಂಟ್ ಸಿಯೆನ್ನಾ. ಜಲವರ್ಣ ಅಲ್ಲದಿದ್ದರೆ ಬಿಳಿಯೂ ಸೇರಿಸಿಕೊಳ್ಳಿ. ಕಪ್ಪು ಬೇಕಿಲ್ಲ: ಅಲ್ಟ್ರಾಮರೀನಿಗೆ ಬರ್ಂಟ್ ಸಿಯೆನ್ನಾ ಬೆರೆಸಿ, ನೀರು ಕಡಿಮೆ ಇಟ್ಟರೆ ಬರುವ ಕಡುಬಣ್ಣ ಟ್ಯೂಬಿನ ಕಪ್ಪಿಗಿಂತ ಜೀವಂತವಾಗಿರುತ್ತದೆ. ನೀರು ಜಾಸ್ತಿ ಮಾಡಿದರೆ ಅದೇ ಮಳೆಮೋಡದ ಬೂದು.

ಕೊಳ್ಳುವಾಗ ಟ್ಯೂಬಿನ ಮೇಲಿನ ಹೆಸರಿಗಿಂತ ಸಣ್ಣಕ್ಷರದ ಸಂಕೇತ ನೋಡಿ. ಅಲ್ಟ್ರಾಮರೀನ್ ಅಂದರೆ ಪಿಬಿ29. ಒಂದೇ ಸಂಕೇತ ಇದ್ದರೆ ಒಂದೇ ವರ್ಣದ್ರವ್ಯ. ಮೂರ್ನಾಲ್ಕು ಸಂಕೇತ ಇರುವ ಬಣ್ಣವನ್ನು ಇನ್ನೊಂದರ ಜೊತೆ ಬೆರೆಸಿದರೆ ಬೇಗ ಕೆಸರಾಗುತ್ತದೆ.

ಜಲವರ್ಣದಲ್ಲಿ ಹೂಕೋಸಿನಂಥ ಕಲೆಗಳು ಬರುತ್ತವೆ. ಯಾಕೆ?

ಅರ್ಧ ಒಣಗಿದ ಜಾಗಕ್ಕೆ ಕೈ ಹಾಕಿದ್ದಕ್ಕೆ. ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ತಂದು ಓರೆಯಾಗಿ ನೋಡಿ. ಮೇಲ್ಮೈ ಫಳಫಳ ಹೊಳೆಯುತ್ತಿದ್ದರೆ ಇನ್ನೊಂದು ಬಣ್ಣ ಬಿಡಬಹುದು, ಎರಡೂ ಹಿತವಾಗಿ ಬೆರೆಯುತ್ತವೆ. ಹೊಳಪು ಇಳಿದು ಮಂಕಾಗಿದ್ದರೆ ಅದೇ ಅಪಾಯದ ಹೊತ್ತು. ಆಗ ಬ್ರಷ್‌ನಿಂದ ಇಳಿದ ನೀರು ಅಲ್ಲಿದ್ದ ಬಣ್ಣದ ಕಣಗಳನ್ನು ಹೊರಕ್ಕೆ ತಳ್ಳಿಕೊಂಡು ಹೋಗಿ ಅಂಚಿನಲ್ಲಿ ಗುಡ್ಡೆ ಹಾಕುತ್ತದೆ. ಪೂರ್ತಿ ಒಣಗಲಿ. ಒಣಗಿದೆಯೋ ಇಲ್ಲವೋ ಅನ್ನಲು ಬೆರಳಿನ ಹಿಂಬದಿ ಮುಟ್ಟಿಸಿ: ತಣ್ಣಗಿದ್ದರೆ ಇನ್ನೂ ತೇವ ಇದೆ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಇನ್ನೊಂದು ಸಣ್ಣ ಹಾಳೆ ಇಟ್ಟುಕೊಂಡರೆ ಕೈ ಸುಮ್ಮನಿರುತ್ತದೆ.

ಬಣ್ಣ ಮಾಸುತ್ತದಾ?

ಕೆಲವು ಮಾಸುತ್ತವೆ. ವ್ಯಾನ್ ಗೋ 1888ರಲ್ಲಿ ತನ್ನ ಮಲಗುವ ಕೋಣೆಯನ್ನು ಬಿಡಿಸಿದಾಗ ಗೋಡೆಗಳಿಗೆ ಹಾಕಿದ್ದು ತಿಳಿ ನೇರಳೆ. ಅದರಲ್ಲಿದ್ದ ಕೆಂಪು ಬೆಳಕಿಗೆ ಹಾರಿಹೋಗಿ ಇವತ್ತು ನಮಗೆ ಕಾಣುವುದು ನೀಲಿ ಗೋಡೆ. ಪಿಆರ್83 ಸಂಕೇತದ ಅಲಿಜರಿನ್ ಕ್ರಿಮ್ಸನ್ ಎಂಬ ಕಡುಗೆಂಪು ಈಗಲೂ ಮಾರುಕಟ್ಟೆಯಲ್ಲಿದೆ, ಅದೂ ಮಾಸುವ ಬಣ್ಣವೇ. ಬದಲಿಗೆ ಪಿವಿ19 ಅಥವಾ ಪಿಆರ್122 ತಗೊಳ್ಳಿ. ಅನುಮಾನ ಇದ್ದರೆ ಒಂದು ಪಟ್ಟಿ ಬಳಿದು, ಅರ್ಧ ಭಾಗಕ್ಕೆ ದಪ್ಪ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ ಕೆಲವು ತಿಂಗಳು ಬಿಡಿ. ಉತ್ತರ ಕಣ್ಣೆದುರೇ ಇರುತ್ತದೆ.

ಬೆಳಕು ಹೇಗಿರಬೇಕು?

ನೇರ ಬಿಸಿಲು ಬೀಳದ ಕಿಟಕಿ. ಬಲಗೈಯಲ್ಲಿ ಬಿಡಿಸುವವರಿಗೆ ಬೆಳಕು ಎಡದಿಂದ ಬರಲಿ, ಎಡಗೈಯವರಿಗೆ ಬಲದಿಂದ. ರಾತ್ರಿಯಾದರೆ 5000 ಕೆಲ್ವಿನ್ ಆಸುಪಾಸಿನ, ಅಂದರೆ ಹಗಲಿನಂಥ ಬಿಳಿ ಬೆಳಕಿನ, ಬಣ್ಣಗಳನ್ನು ನಿಖರವಾಗಿ ತೋರಿಸುವ, ಅಂದರೆ ಸಿಆರ್‌ಐ 90ಕ್ಕೆ ಮೇಲಿರುವ ಎಲ್‌ಇಡಿ ದೀಪ. ವಸ್ತುವಿಗೆ ಒಂದೇ ಕಡೆಯಿಂದ ಬೆಳಕು ಬೀಳಲಿ. ಎರಡು ದೀಪ ಇದ್ದರೆ ನೆರಳು ಎರಡಾಗಿ ಆಕಾರ ಕಲಸಿಹೋಗುತ್ತದೆ.

ಮನೆಯಲ್ಲಿ ಮಕ್ಕಳಿದ್ದಾರೆ. ಏನಾದರೂ ಅಪಾಯ ಇದೆಯಾ?

ಮುಖ್ಯವಾಗಿ ಒಂದು, ಅದನ್ನು ಲಘುವಾಗಿ ತಗೊಳ್ಳಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಹೊರಹೋಗಲಾಗದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಒಂದೇ ಪದರವಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬದಲ್ಲಿ ಮುಳುಗಿಸಿಡಿ.

ಉಳಿದಂತೆ, ಕ್ಯಾಡ್ಮಿಯಂ, ಕೋಬಾಲ್ಟ್ ಬಣ್ಣಗಳನ್ನು ಮಕ್ಕಳ ಕೈಗೆ ಕೊಡಬೇಡಿ, ಒಣಗಿದ ಮೇಲೆ ಉಜ್ಜಿ ಪುಡಿ ಎಬ್ಬಿಸಬೇಡಿ. ಬ್ರಷ್ ತುದಿಯನ್ನು ಬಾಯಲ್ಲಿಟ್ಟು ಚೂಪು ಮಾಡುವ ಚಾಳಿ ಬಿಡಿ. ಟರ್ಪೆಂಟೈನ್, ಫಿಕ್ಸೆಟಿವ್ (ಇದ್ದಿಲ ಚಿತ್ರ ಅಳಿಸಿಹೋಗದಂತೆ ಸಿಂಪಡಿಸುವ ದ್ರವ) ಬಳಸುವಾಗ ಕಿಟಕಿ ತೆರೆದಿರಲಿ. ಮತ್ತೆ, ಬ್ರಷ್ ತೊಳೆಯುವ ನೀರನ್ನು ಕುಡಿಯುವ ಲೋಟದಲ್ಲಿ ಇಡಲೇಬೇಡಿ.

ಬ್ರಷ್‌ಗಳು ಬೇಗ ಹಾಳಾಗುತ್ತವೆ.

ನೀರಿನಲ್ಲಿ ತಲೆಕೆಳಗಾಗಿ ನಿಲ್ಲಿಸಿಡುತ್ತೀರಿ, ಅಲ್ವಾ? ಕೂದಲು ಬಾಗುತ್ತದೆ, ಹಿಡಿಕೆ ಉಬ್ಬಿ ಬಣ್ಣ ಬಿರಿಯುತ್ತದೆ. ಸೋಪಿನಲ್ಲಿ ತೊಳೆದು, ಬೆರಳಿನಿಂದ ತುದಿ ಕೂಡಿಸಿ, ಮಲಗಿಸಿ ಒಣಗಿಸಿ.

ಚಿತ್ರ ಮುಗಿಯಿತು ಅಂತ ಗೊತ್ತಾಗುವುದು ಹೇಗೆ?

ಅವತ್ತೇ ಗೊತ್ತಾಗಬೇಕಿಲ್ಲ. "ಇನ್ನೇನೋ ಬೇಕು" ಅನ್ನಿಸಿ ಏನು ಅಂತ ಹೇಳಲಾಗದಿದ್ದರೆ ಕೈ ಎತ್ತಿಬಿಡಿ. ಕನ್ನಡಿಯಲ್ಲಿ ನೋಡಿ, ತಲೆಕೆಳಗು ಮಾಡಿ ನೋಡಿ, ಕಣ್ಣು ಕಿರಿದು ಮಾಡಿ ನೋಡಿ. ಕಿರಿದು ಮಾಡಿದಾಗ ವಿವರ ಹೋಗಿ ಬೆಳಕು ನೆರಳಿನ ದೊಡ್ಡ ಆಕಾರಗಳು ಮಾತ್ರ ಉಳಿಯುತ್ತವೆ. ಅವು ಸರಿಯಿದ್ದರೆ ಚಿತ್ರ ನಿಂತಿದೆ ಅಂತ ಅರ್ಥ. ಬಹಳ ಸಲ ಬೇಕಾಗಿರುವುದು ಇನ್ನಷ್ಟು ವಿವರ ಅಲ್ಲ, ನೆರಳು ಇನ್ನೊಂದು ಹಂತ ಗಾಢವಾಗುವುದು. ಹೊಸಬರು ನೆರಳಿಗೆ ತುಂಬ ಅಂಜುತ್ತಾರೆ. ಇಷ್ಟರ ಮೇಲೂ ಅನುಮಾನ ಇದ್ದರೆ ವಾರ ಬಿಟ್ಟು ನೋಡಿ. ಬಹುಪಾಲು ಚಿತ್ರಗಳು ಆ ಹೊತ್ತಿಗೆ ಮುಗಿದೇ ಇರುತ್ತವೆ.

ಬೇರೆಯವರಿಗೆ ತೋರಿಸಬೇಕಾ?

ನಿಮಗೆ ಬಿಟ್ಟದ್ದು. ತೋರಿಸಿದರೆ "ಹೇಗಿದೆ?" ಅಂತ ಕೇಳಬೇಡಿ, "ಚೆನ್ನಾಗಿದೆ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. "ಮೊದಲು ಕಣ್ಣು ಎಲ್ಲಿಗೆ ಹೋಯಿತು?" ಅಂತ ಕೇಳಿ. ಚಿತ್ರಕಲೆ ಗೊತ್ತಿಲ್ಲದವರೂ ಇದಕ್ಕೆ ಸರಿಯಾದ ಉತ್ತರ ಕೊಡುತ್ತಾರೆ.

ಒಂದು ವಾರ ತಪ್ಪಿದರೆ ಮುಂದಿನ ವಾರ ಎರಡು ಬಿಡಿಸಲಾ?

ಬೇಡ. ಸಾಲ ತೀರಿಸುವ ಕೆಲಸವಲ್ಲ ಇದು. ತಪ್ಪಿದ್ದನ್ನು ಬಿಟ್ಟು ಮುಂದಿನದ್ದಕ್ಕೆ ಕೂರಿ, ಆದರೆ ಸಣ್ಣ ಹಾಳೆ ತಗೊಳ್ಳಿ, ಗೊತ್ತಿರುವ ವಸ್ತು ತಗೊಳ್ಳಿ.

ಹಳೆಯ ಹಾಳೆಗಳು ರಾಶಿ ಬಿದ್ದಿವೆ. ಎಸೆಯಲಾ?

ಕನಿಷ್ಠ ಒಂದು ವರ್ಷ ಏನನ್ನೂ ಎಸೆಯಬೇಡಿ, ಕೆಟ್ಟದ್ದನ್ನು ಮೊದಲೇ ಎಸೆಯಬೇಡಿ. ಎಷ್ಟು ದೂರ ಬಂದಿದ್ದೀರಿ ಅಂತ ತೋರಿಸುವುದು ಅವೇ. ಪ್ರತಿ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ದಿನಾಂಕ, ಬಳಸಿದ ಬಣ್ಣಗಳ ಹೆಸರು ಬರೆಯಿರಿ. ಪೆನ್ನಿನ ಶಾಯಿ ಕೆಲವೊಮ್ಮೆ ಮುಂದಕ್ಕೆ ಹಾಯುತ್ತದೆ. ನಿಲ್ಲಿಸಿಟ್ಟರೆ ಹಾಳೆ ಬಾಗುತ್ತದೆ, ಮಲಗಿಸಿಡಿ. ಪೆನ್ಸಿಲ್ ಮತ್ತು ಇದ್ದಿಲ ಚಿತ್ರಗಳ ನಡುವೆ ಆಮ್ಲರಹಿತ ತೆಳು ಕಾಗದ ಹಾಕಿ, ಇಲ್ಲದಿದ್ದರೆ ಒಂದರ ಕಪ್ಪು ಇನ್ನೊಂದಕ್ಕೆ ಮೆತ್ತಿಕೊಳ್ಳುತ್ತದೆ. ಸುದ್ದಿಪತ್ರಿಕೆ ಹಾಕಬೇಡಿ. ಅದರಲ್ಲಿರುವ ಆಮ್ಲ ನಿಮ್ಮ ಹಾಳೆಯನ್ನೂ ಹಳದಿ ಮಾಡುತ್ತದೆ. ಜಲವರ್ಣದ ಹಾಳೆಗಳಾದರೆ ಹಿಂಬದಿ ಖಾಲಿ ಇರುತ್ತದೆ. ದಿನಾಂಕಕ್ಕೆ ಒಂದು ಮೂಲೆ ಬಿಟ್ಟು, ಉಳಿದದ್ದನ್ನು ಬಣ್ಣ ಬೆರೆಸಿ ನೋಡಲು ಧಾರಾಳವಾಗಿ ಬಳಸಿ.